ಒಂದೇ ಪಂಕ್ತಿಯ ವಿದ್ಯೆ

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಪ್ರಥಮಾಧ್ಯಕ್ಷರಾಗಿದ್ದ ಆಂಡ್ರೂ ಡಿಕ್ಸನ್ ವೈಟ್ ಅವರು ತಾವು ಯೇಲ್ ಕಾಲೇಜಿನಲ್ಲಿ ಓದಿದ ದಿನಗಳನ್ನು ಆತ್ಮಕಥೆಯಲ್ಲಿ ಸ್ಮರಿಸುವಾಗ, ಮುಂದೆ ಷೆಫೀಲ್ಡ್ ಎಂಬ ಹೆಸರು ಪಡೆದ ಅಲ್ಲಿಯ ವಿಜ್ಞಾನಶಾಲೆಯ ವಿದ್ಯಾರ್ಥಿಗಳನ್ನು ಉಳಿದವರು ಕೀಳಾಗಿ ಕಾಣುತ್ತಿದ್ದರೆಂದೂ, ಪ್ರಾರ್ಥನಾಮಂದಿರದಲ್ಲಿ ಅವರಿಗೆ ಇತರರೊಡನೆ ಕುಳಿತುಕೊಳ್ಳುವ ಅವಕಾಶವಿರಲಿಲ್ಲವೆಂದೂ ಹೇಳಿದ್ದಾರೆ. ಗ್ರೀಕ್ ಓದಿದವನು ಒಂದು ಕಡೆ, ರಸಾಯನಶಾಸ್ತ್ರವನ್ನೋ ಸೇತುವೆಯ ಲೆಕ್ಕವನ್ನೋ ಕಲಿತವನು ಇನ್ನೊಂದು ಕಡೆ. ದೇವರ ಎದುರಿನಲ್ಲಿಯೂ ನಡೆದ ಈ ಪಂಕ್ತಿಭೇದವನ್ನು ಓದಿದಾಗ ನನಗೆ ನೋವಾಯಿತು, ಆಶ್ಚರ್ಯವಾಗಲಿಲ್ಲ. ಪಂಕ್ತಿಭೇದವೆಂಬ ಮಾತನ್ನು ಊಟದೆಲೆಯ ಮುಂದೆಯೇ ಕಲಿತು ಬೆಳೆದ ನಾವು, ಪುಸ್ತಕ ಹಿಡಿದ ಕೈಗೂ ಉಳಿ ಹಿಡಿದ ಕೈಗೂ ನಡುವೆ ಎಷ್ಟು ಹಳೆಯ ಗೋಡೆಯಿದೆಯೆಂಬುದನ್ನು ಪರದೇಶದ ಗ್ರಂಥದಿಂದ ತಿಳಿಯಬೇಕಾದವರಲ್ಲ. ಆದರೆ ಅದೇ ದೇಶದಲ್ಲಿ, ಅದೇ ಕಾಲದಲ್ಲಿ, ಆ ಗೋಡೆಯನ್ನು ಲೆಕ್ಕಿಸದೆ ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿದ ಕಾಲೇಜೊಂದಿತ್ತೆಂಬ ಸಂಗತಿ ನಮ್ಮಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಈ ಲೇಖನ ಮುಖ್ಯವಾಗಿ ಆ ಕಾಲೇಜಿನ ವಿಷಯ.

ಲಿಬರಲ್ ಆರ್ಟ್ಸ್ ಎಂಬುದನ್ನು ಉದಾರ ವಿದ್ಯೆಗಳೆಂದು ಕನ್ನಡಿಸುವ ರೂಢಿಯುಂಟು. ಮೂಲದಲ್ಲಿ ಅದು ಔದಾರ್ಯಕ್ಕಿಂತ ಹೆಚ್ಚಾಗಿ ಸ್ವಾತಂತ್ರ್ಯವನ್ನು ಸೂಚಿಸುವ ಶಬ್ದ. ಯಾರ ದಾಸನೂ ಅಲ್ಲದ ಸ್ವತಂತ್ರ ಪುರುಷನಿಗೆ ತಕ್ಕ ವಿದ್ಯೆ ಎಂಬುದು ಲ್ಯಾಟಿನ್ ನುಡಿಯಲ್ಲಿ ಅದಕ್ಕಿದ್ದ ಅರ್ಥ. ವ್ಯಾಕರಣ, ತರ್ಕ, ಭಾಷಣಕಲೆ, ಅಂಕಗಣಿತ, ರೇಖಾಗಣಿತ, ಸಂಗೀತ, ಜ್ಯೋತಿಶ್ಶಾಸ್ತ್ರ ಎಂಬ ಏಳನ್ನು ಮಧ್ಯಯುಗದ ಯೂರೋಪು ಈ ವರ್ಗಕ್ಕೆ ಸೇರಿಸಿ, ನೇಯುವುದು, ಕಟ್ಟುವುದು, ಕಬ್ಬಿಣ ಕಾಯಿಸುವುದು ಮೊದಲಾದವನ್ನು ಯಾಂತ್ರಿಕ ಕಲೆಗಳೆಂದು ಬೇರೆಯಾಗಿಟ್ಟಿತು. ರೇಖಾಗಣಿತ ಮೇಲಿನ ಪಂಕ್ತಿಯಲ್ಲಿಯೂ, ಅದೇ ರೇಖಾಗಣಿತದಿಂದ ಕಮಾನು ಕಟ್ಟಿದವನು ಕೆಳಗಿನ ಪಂಕ್ತಿಯಲ್ಲಿಯೂ ಇದ್ದನೆಂಬುದು ಈ ವಿಭಾಗದ ಸೋಜಿಗ. ಅಮೆರಿಕದ ಹಳೆಯ ಕಾಲೇಜುಗಳು ಧರ್ಮೋಪದೇಶಕರನ್ನೂ ವಕೀಲರನ್ನೂ ಸಿದ್ಧಪಡಿಸಲು ಹುಟ್ಟಿದವಾದುದರಿಂದ ಈ ವಿಭಾಗವನ್ನು ಹಾಗೆಯೇ ಹೊತ್ತು ತಂದವು.

ಅದನ್ನು ಅಲುಗಿಸಿದುದು ಒಂದು ಕಾಲುವೆ. ಹಡ್ಸನ್ ನದಿಯಿಂದ ಈರಿ ಸರೋವರದವರೆಗೆ 363 ಮೈಲಿ ಉದ್ದಕ್ಕೆ, 40 ಅಡಿ ಅಗಲ 4 ಅಡಿ ಆಳದ ನೀರಿನ ಹಾದಿಯನ್ನು ಕಾಡು ಕಡಿದು, ಬಂಡೆ ಒಡೆದು, 83 ಲಾಕುಗಳ ಮೆಟ್ಟಿಲುಗಳಿಂದ ಏರಿಸಿ ಇಳಿಸಿ ತೋಡಬೇಕೆಂದು ನ್ಯೂಯಾರ್ಕ್ ಸಂಸ್ಥಾನವು ನಿಶ್ಚಯಿಸಿ 1817ರಲ್ಲಿ ಗುದ್ದಲಿ ಹಾಕಿದಾಗ, ಅಂಥ ಕೆಲಸವನ್ನು ಓದಿ ಕಲಿತ ಎಂಜಿನಿಯರು ಆ ದೇಶದಲ್ಲಿ ದೊರೆಯುವುದೇ ದುರ್ಲಭವಾಗಿತ್ತು. ಕಾಮಗಾರಿಯ ಮುಂದಾಳುಗಳಾದ ಬೆಂಜಮಿನ್ ರೈಟ್ ಮತ್ತು ಜೇಮ್ಸ್ ಗೆಡ್ಡಿಸ್ ಇಬ್ಬರೂ ಭೂಮಿಯ ಸರ್ವೆ ಬಲ್ಲ ನ್ಯಾಯಾಧೀಶರು. ಕ್ಯಾನ್ವಾಸ್ ವೈಟ್ ಎಂಬ ತರುಣನು ಇಂಗ್ಲೆಂಡಿಗೆ ಹೋಗಿ, ಅಲ್ಲಿಯ ಕಾಲುವೆಗಳ ದಡದ ಮೇಲೆ ಕಾಲ್ನಡಿಗೆಯಿಂದ ಸಂಚರಿಸಿ, ಕಂಡದ್ದನ್ನು ಬರೆದುಕೊಂಡು ಮರಳಿದನು. ನೀರಿನೊಳಗೂ ಗಟ್ಟಿಯಾಗುವ ಗಾರೆಗೆ ತಕ್ಕ ಸುಣ್ಣಕಲ್ಲನ್ನು ಕಾಲುವೆಯ ಮಗ್ಗುಲಿನಲ್ಲಿಯೇ ಪತ್ತೆಹಚ್ಚಿದವನೂ ಅವನೇ. ಜಾನ್ ಜರ್ವಿಸ್ ಎಂಬ ಇನ್ನೊಬ್ಬನು ಸರ್ವೆಯವರ ಮುಂದೆ ಮರ ಕಡಿದು ದಾರಿ ಬಿಡಿಸುವ ಕೊಡಲಿಯಾಳಾಗಿ ಸೇರಿ, ರಾತ್ರಿಯ ಹೊತ್ತು ಪುಸ್ತಕ ಹಿಡಿದು, ಕೆಲವೇ ವರ್ಷಗಳಲ್ಲಿ ಎಂಜಿನಿಯರನಾಗಿ, ಮುಂದೆ ನ್ಯೂಯಾರ್ಕ್ ನಗರಕ್ಕೆ ಕ್ರೋಟನ್ ನದಿಯ ನೀರು ತರುವ ಮಹಾಕಾರ್ಯವನ್ನು ನಡೆಸಿದನು. ಈ ಜರ್ವಿಸನು ಸಾಯುವಾಗ ತನ್ನ ಮನೆಯನ್ನೂ ಗ್ರಂಥಭಂಡಾರವನ್ನೂ ತನ್ನ ಊರಾದ ರೋಮ್ ಎಂಬ ಸಣ್ಣ ಪಟ್ಟಣಕ್ಕೆ ಪುಸ್ತಕಾಲಯವಾಗಲೆಂದು ಬಿಟ್ಟುಹೋದುದನ್ನು ಇಲ್ಲಿ ಹೇಳದೆ ಮುಂದುವರಿಯಲು ನನಗೆ ಮನಸ್ಸಿಲ್ಲ.

1825ರಲ್ಲಿ ನೀರು ಹರಿದ ಆ ಕಾಲುವೆಯ ದಂಡೆಯಲ್ಲಿ, ಮೊಹಾಕ್ ನದಿಯ ತೀರದಲ್ಲಿ, ಸ್ಕೆನೆಕ್ಟಡಿ ಎಂಬ ಊರು. 1795ರಲ್ಲಿ ಸ್ಥಾಪಿತವಾದ ಯೂನಿಯನ್ ಕಾಲೇಜು ಇರುವುದು ಅಲ್ಲಿ. ಅದರ ಅಧ್ಯಕ್ಷರಾಗಿದ್ದ ಎಲಿಫಲೆಟ್ ನಾಟ್ ಅವರು 1804ರಲ್ಲಿ, ತಮ್ಮ ಮೂವತ್ತೊಂದನೆಯ ವಯಸ್ಸಿನಲ್ಲಿ ಆ ಪೀಠವನ್ನೇರಿ, 1866ರಲ್ಲಿ ಸಾಯುವತನಕ, ಅರುವತ್ತೆರಡು ವರ್ಷ ಅದನ್ನು ಬಿಡಲಿಲ್ಲ. ವೃತ್ತಿಯಿಂದ ಅವರು ಧರ್ಮೋಪದೇಶಕರು. ದ್ವಂದ್ವಯುದ್ಧದಲ್ಲಿ ಮಡಿದ ಅಲೆಗ್ಸಾಂಡರ್ ಹ್ಯಾಮಿಲ್ಟನ್ ಅವರನ್ನು ಕುರಿತು ಮಾಡಿದ ಉಪನ್ಯಾಸದಿಂದ ದೇಶವೆಲ್ಲಾ ಹೆಸರಾದವರು. ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಲಾರ್ಡ್ ಕೇಮ್ಸನ ಸಾಹಿತ್ಯವಿಮರ್ಶೆಯ ಗ್ರಂಥವನ್ನು ಮುಂದಿಟ್ಟುಕೊಂಡು ಮನುಷ್ಯಸ್ವಭಾವದ ಮೇಲೆ ಪಾಠ ಹೇಳುತ್ತಿದ್ದವರೂ ಅವರೇ. ಇಷ್ಟೇ ಆಗಿದ್ದರೆ ಆ ಕಾಲದ ಕಾಲೇಜು ಅಧ್ಯಕ್ಷರಲ್ಲಿ ಅವರೂ ಒಬ್ಬರೆನ್ನಬಹುದಾಗಿತ್ತು. ಆದರೆ ಈ ಉಪದೇಶಕರ ಮನಸ್ಸು ಬೆಂಕಿಯ ಮೇಲೆ ನೆಟ್ಟಿತ್ತು. ಸುಲಭವಾಗಿ ಹತ್ತಿಕೊಳ್ಳದ ಆಂತ್ರಸೈಟ್ ಕಲ್ಲಿದ್ದಲನ್ನು ಮನೆಯ ಒಲೆಯಲ್ಲಿ ಹದವಾಗಿ ಉರಿಸುವ ಬಗೆ ಹೇಗೆಂದು ಅವರು ವರ್ಷಗಟ್ಟಲೆ ಪ್ರಯೋಗ ನಡೆಸಿ, ಒಲೆಗಳಿಗೂ ಶಾಖದ ಉಪಕರಣಗಳಿಗೂ ಸುಮಾರು ಮೂವತ್ತು ಪೇಟೆಂಟುಗಳನ್ನು ಪಡೆದರು. ಬೆಳಗಿನಲ್ಲಿ ಬೈಬಲ್ಲು, ಮಧ್ಯಾಹ್ನದಲ್ಲಿ ಕೇಮ್ಸ್, ಸಂಜೆ ಒಲೆ, ಹೀಗೆ ಮೂರನ್ನೂ ಸಮಾನ ಶ್ರದ್ಧೆಯಿಂದ ನಡೆಸಿದವರಿಗೆ, ಇವುಗಳಲ್ಲಿ ಒಂದು ಮೇಲು ಇನ್ನೊಂದು ಕೀಳು ಎಂಬ ಮಾತು ರುಚಿಸದಿದ್ದುದು ಸಹಜ.

1828ನೆಯ ಇಸವಿ ಈ ಕಥೆಯಲ್ಲಿ ಒಂದು ಕವಲು. ಆ ವರ್ಷ ಯೇಲ್ ಕಾಲೇಜಿನ ಅಧ್ಯಾಪಕರು ಪ್ರಸಿದ್ಧವಾದೊಂದು ವರದಿಯನ್ನು ಪ್ರಕಟಿಸಿ, ಗ್ರೀಕ್ ಮತ್ತು ಲ್ಯಾಟಿನ್‌ಗಳ ಸ್ಥಾನವನ್ನು ಕದಲಿಸಕೂಡದೆಂದು ಸವಿಸ್ತಾರವಾಗಿ ವಾದಿಸಿದರು; ದೇಶದ ಬಹುತೇಕ ಕಾಲೇಜುಗಳು ಅದನ್ನೇ ಪ್ರಮಾಣವೆಂದು ಶಿರಸಾವಹಿಸಿದವು. ಅದೇ ವರ್ಷ ನಾಟ್ ಅವರು ಯೂನಿಯನ್ನಿನಲ್ಲಿ, ಹಳೆಯ ಪಾಠಕ್ರಮದ ಪಕ್ಕದಲ್ಲಿ, ಪ್ರಾಚೀನ ಭಾಷೆಗಳ ಬಹುಭಾಗಕ್ಕೆ ಬದಲಾಗಿ ಗಣಿತ, ವಿಜ್ಞಾನ, ಆಧುನಿಕ ಭಾಷೆಗಳನ್ನು ಕಲಿಸುವ ಇನ್ನೊಂದು ಕ್ರಮವನ್ನು ತೆರೆದರು. ಯೇಲ್ ಅಧ್ಯಾಪಕರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವವನಲ್ಲ. ಬುದ್ಧಿಯನ್ನು ಮೊದಲು ಹದಗೊಳಿಸಬೇಕು, ವೃತ್ತಿ ಆಮೇಲೆ ಎಂಬ ಅವರ ಅಭಿಪ್ರಾಯ ಇಂದಿಗೂ ಚಿಂತನಾರ್ಹವಾದದ್ದೇ. ಸತ್ತ ಎರಡು ಭಾಷೆಗಳಿಲ್ಲದೆ ಬುದ್ಧಿಯನ್ನು ಹದಗೊಳಿಸಲಾಗದೆಂದದ್ದರಲ್ಲಿ ಅವರು ಎಡವಿದರು.

ಯೂನಿಯನ್ನಿನಲ್ಲಿಯೇ 1813ರಲ್ಲಿ ಪದವಿ ಪಡೆದು ಮುಂದೆ ಬ್ರೌನ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದ ಫ್ರಾನ್ಸಿಸ್ ವೇಲ್ಯಾಂಡ್ ಅವರು 1850ರಲ್ಲಿ ಬರೆದ ವರದಿಯೊಂದರಲ್ಲಿ, ದೇಶದ ನೂರಿಪ್ಪತ್ತು ಕಾಲೇಜುಗಳೆಲ್ಲ ಸೇರಿ ರೈಲುಮಾರ್ಗಗಳ ನಿರ್ಮಾಣಕ್ಕೆ ಮಾಡಿದ್ದಕ್ಕಿಂತ ಹೆಚ್ಚನ್ನು ವೆಸ್ಟ್ ಪಾಯಿಂಟ್ ಎಂಬ ಒಂದೇ ಸೈನಿಕ ವಿದ್ಯಾಲಯವು ಮಾಡಿದೆಯೆಂದು ನೊಂದು ನುಡಿದರು. ಮಾತು ಬಹುಮಟ್ಟಿಗೆ ನಿಜವೇ. 1824ರಲ್ಲಿ ಟ್ರಾಯ್ ನಗರದಲ್ಲಿ ಹುಟ್ಟಿದ ರೆನ್ಸಲೇರ್ ಶಾಲೆಯೂ ಈ ದಿಸೆಯಲ್ಲಿ ಶ್ರಮಿಸುತ್ತಿತ್ತು, ಆದರೆ ಅದು ಆ ವಿದ್ಯೆಗಾಗಿಯೇ ಕಟ್ಟಿದ ಶಾಲೆ. ಕಾವ್ಯವೂ ತತ್ತ್ವಶಾಸ್ತ್ರವೂ ನಡೆಯುವ ಅಂಗಳದೊಳಕ್ಕೆ ಸಿವಿಲ್ ಎಂಜಿನಿಯರಿಂಗನ್ನು ಕರೆತಂದು ಕೂಡಿಸಿದ ಮೊದಲ ಕಾಲೇಜೆಂಬ ಕೀರ್ತಿ ಯೂನಿಯನ್ನಿಗೆ 1845ರಲ್ಲಿ ಸಂದಿತು.

ಹಾಗೆ ಕೂಡಿಸುವುದಕ್ಕೆ ನಾಟ್ ಅವರು ಆರಿಸಿಕೊಂಡ ಅಧ್ಯಾಪಕರನ್ನು ನೋಡಿದರೆ ಅವರ ಉದ್ದೇಶ ಸ್ಪಷ್ಟವಾಗುತ್ತದೆ. ವಿಲಿಯಂ ಮಿಚೆಲ್ ಗಿಲೆಸ್ಪಿ ಅವರು ನ್ಯೂಯಾರ್ಕ್ ನಗರದ ಕೊಲಂಬಿಯಾ ಕಾಲೇಜಿನಲ್ಲಿ ಓದಿ, ಬಹುಕಾಲ ಯೂರೋಪಿನಲ್ಲಿ ಕಳೆದು ಬಂದವರು. ಅವರ ಮೊದಲ ಗ್ರಂಥ ಸೇತುವೆಯ ಮೇಲಿನದಲ್ಲ, ರಸ್ತೆಯ ಮೇಲಿನದೂ ಅಲ್ಲ. ನ್ಯೂಯಾರ್ಕಿನವನೊಬ್ಬನ ಕಣ್ಣಿಗೆ ರೋಮ್ ನಗರವು ಕಂಡ ಬಗೆಯನ್ನು ಬಣ್ಣಿಸುವ ಪ್ರವಾಸಕಥನ, 1845ರಲ್ಲಿ ಅಚ್ಚಾದದ್ದು. ಎರಡು ವರ್ಷ ಕಳೆದು, 1847ರಲ್ಲಿ, ರಸ್ತೆ ನಿರ್ಮಾಣದ ತತ್ತ್ವ ಮತ್ತು ಪ್ರಯೋಗಗಳನ್ನು ಕುರಿತ ಕೈಪಿಡಿ. ನಾಲ್ಕು ವರ್ಷಗಳ ಮೇಲೆ ಆಗಸ್ಟ್ ಕೋಂಟನ ಗಣಿತದರ್ಶನವನ್ನು ಫ್ರೆಂಚಿನಿಂದ ಇಂಗ್ಲಿಷಿಗೆ ತಂದರು; 1855ರಲ್ಲಿ ಭೂಮಾಪನದ ಮೇಲಿನ ದೊಡ್ಡ ಗ್ರಂಥ. ರೋಮಿನ ಭಗ್ನಾವಶೇಷಗಳು, ಗ್ರಾಮಾಂತರ ಅಮೆರಿಕದ ಕೆಸರು ರಸ್ತೆ, ಫ್ರೆಂಚ್ ತತ್ತ್ವಜ್ಞನ ಸೂತ್ರಗಳು, ಹೊಲದ ಬದುವಿನ ಅಳತೆ ಈ ನಾಲ್ಕನ್ನೂ ಹತ್ತು ವರ್ಷಗಳೊಳಗೆ ಬರೆದ ಲೇಖನಿಯು ಒಂದೇ ಎಂಬುದನ್ನು ನೆನೆದರೆ, ಅಂಥವರ ಎದುರಿಗೆ ಕುಳಿತು ಎಂಜಿನಿಯರಿಂಗ್ ಕಲಿತ ಹುಡುಗರ ಭಾಗ್ಯವನ್ನು ಕಂಡು ನನಗೆ ಅಸೂಯೆಯಾಗುತ್ತದೆ.

ಆ ಹುಡುಗರು ಕಲಿತ ಮೊದಲ ಉಪಕರಣ ಸರಪಳಿ. ನನ್ನ ಬಾಲ್ಯದಲ್ಲಿ ನಮ್ಮೂರ ಶಾನುಭೋಗರ ಜಗುಲಿಯ ಗೂಟಕ್ಕೆ ಅಂಥದೊಂದು ತೂಗುಬಿದ್ದಿತ್ತು. ಕಬ್ಬಿಣದ ಕಡ್ಡಿಗಳನ್ನು ಉಂಗುರಗಳಿಂದ ಕೂಡಿಸಿ ಮಾಡಿದ ಅದು ಮುಟ್ಟಿದರೆ ಜಣಗುಡುತ್ತಿತ್ತು, ಕೈಗೆ ತುಕ್ಕಿನ ವಾಸನೆ ಹತ್ತುತ್ತಿತ್ತು. ನಮ್ಮ ಸರ್ವೆಯವರ ಸರಪಳಿ 33 ಅಡಿ; ಅದಕ್ಕೆ ಹದಿನಾರು ಆಣೆ; ಒಂದು ಸರಪಳಿ ಚೌಕವೇ ಒಂದು ಗುಂಟೆ, ಅಂಥ ನಲವತ್ತು ಗುಂಟೆಗೆ ಒಂದು ಎಕರೆ. ಯೂನಿಯನ್ನಿನ ವಿದ್ಯಾರ್ಥಿಗಳು ಎಳೆದ ಗಂಟರನ ಸರಪಳಿ ಇದಕ್ಕೆ ಸರಿಯಾಗಿ ಇಮ್ಮಡಿ, 66 ಅಡಿ, ನೂರು ಕೊಂಡಿ. ಹತ್ತು ಹತ್ತು ಕೊಂಡಿಗೊಂದು ಹಿತ್ತಾಳೆಯ ಬಿಲ್ಲೆ, ಒಂದು ಹಲ್ಲಿನದು, ಎರಡು ಹಲ್ಲಿನದು, ಮೂರು, ನಾಲ್ಕು, ನಟ್ಟನಡುವೆ ಗುಂಡಗಿನದು, ಅಲ್ಲಿಂದಾಚೆಗೆ ಮತ್ತೆ ನಾಲ್ಕು, ಮೂರು, ಎರಡು, ಒಂದು. ಯಾವ ತುದಿಯಿಂದ ಎಣಿಸಿದರೂ ಲೆಕ್ಕ ತಪ್ಪದಂತೆ ಈ ಏರ್ಪಾಟು. ಆದರೆ ನಾಲ್ಕು ಹಲ್ಲಿನ ಬಿಲ್ಲೆ ಒಂದು ತುದಿಯಿಂದ ನಲವತ್ತಾದರೆ ಇನ್ನೊಂದು ತುದಿಯಿಂದ ಅರುವತ್ತಾದುದರಿಂದ, ಕಣ್ಣು ಕೊಂಚ ತಪ್ಪಿದರೂ ಒಬ್ಬನ ಹೊಲ ಇನ್ನೊಬ್ಬನ ಪಾಲಾಗುತ್ತಿತ್ತು. ಇಳಿಜಾರಿನಲ್ಲಿ ಸರಪಳಿಯನ್ನು ನೆಲದ ಮೇಲೆ ಹಾಸದೆ ಸಮಮಟ್ಟವಾಗಿ ಎತ್ತಿ ಹಿಡಿಯಬೇಕು. ಎಳೆತ ಕಡಮೆಯಾದರೆ ಜೋತುಬೀಳುತ್ತದೆ, ಹೆಚ್ಚಾದರೆ ಉಂಗುರ ಬಾಯಿಬಿಟ್ಟು ಸರಪಳಿಯೇ ಉದ್ದವಾಗುತ್ತದೆ. ತರ್ಕಶಾಸ್ತ್ರದ ತರಗತಿಯಲ್ಲಿ ಹೇತ್ವಾಭಾಸವನ್ನು ಹುಡುಕಲು ಕಲಿತ ಬುದ್ಧಿ ಇಲ್ಲಿ ದೋಷವು ಎಲ್ಲಿಂದ ನುಸುಳಿತೆಂದು ಹುಡುಕುತ್ತಿತ್ತು. ಎರಡೂ ಒಂದೇ ಬುದ್ಧಿಯ ಕೆಲಸವೆಂಬುದನ್ನು ಪುಸ್ತಕದಿಂದ ಒಪ್ಪಿಸುವುದು ಕಷ್ಟ; ಸರಪಳಿ ಹಿಡಿದವನಿಗೆ ತಾನಾಗಿ ತಿಳಿಯುತ್ತದೆ.

ಗಿಲೆಸ್ಪಿಯವರು ಬರುವುದಕ್ಕೆ ಮೊದಲೇ, 1830ರಲ್ಲಿ, ಯೂನಿಯನ್ನಿನಿಂದ ಪದವಿ ಪಡೆದು ಹೊರಟ ಸ್ಕ್ವಯರ್ ವಿಪಲ್ ಎಂಬವರ ಚರಿತ್ರೆಯೂ ಇದಕ್ಕೆ ಸಾಕ್ಷಿ. ರೈಲುಮಾರ್ಗದ ಸರ್ವೆಯಲ್ಲಿಯೂ ಕಾಲುವೆಯ ಕೆಲಸದಲ್ಲಿಯೂ ಅನುಭವ ಪಡೆದು, 1841ರಲ್ಲಿ ಬಿಲ್ಲಿನಾಕಾರದ ಕಬ್ಬಿಣದ ಟ್ರಸ್ ಸೇತುವೆಗೆ ಪೇಟೆಂಟು ಪಡೆದ ಅವರು, 1847ರಲ್ಲಿ ಸೇತುವೆ ಕಟ್ಟುವುದನ್ನು ಕುರಿತು ಒಂದು ಪುಸ್ತಕ ಬರೆದರು. ಅಲ್ಲಿಯವರೆಗೆ ಬಡಗಿಯ ಅನುಭವದಿಂದಲೂ ಅಂದಾಜಿನಿಂದಲೂ ನಡೆಯುತ್ತಿದ್ದ ಕೆಲಸದಲ್ಲಿ, ಚೌಕಟ್ಟಿನ ಯಾವ ತೊಲೆಯ ಮೇಲೆ ಎಷ್ಟು ಒತ್ತಡ, ಯಾವ ಸರಳಿನಲ್ಲಿ ಎಷ್ಟು ಸೆಳೆತವೆಂಬುದನ್ನು ಸಂಧಿ ಸಂಧಿಗೂ ಗಣಿತದಿಂದ ತೋರಿಸಿದ ಮೊದಮೊದಲ ಗ್ರಂಥಗಳಲ್ಲಿ ಅದೊಂದು. ಈರಿ ಕಾಲುವೆಯ ಮೇಲೆ ಅವರ ಮಾದರಿಯ ಸೇತುವೆಗಳು ಸಾಲುಸಾಲಾಗಿ ಎದ್ದವು.

ಇದೇ ದಶಕದಲ್ಲಿ ಇನ್ನೊಂದು ಕಾಲುವೆ ಇನ್ನೊಂದು ಕಾಲೇಜನ್ನು ಹುಟ್ಟಿಸಿತು. ಗಂಗಾ ಕಾಲುವೆಯ ಕೆಲಸಕ್ಕೆ ಬೇಕಾದ ಜನರನ್ನು ತಯಾರಿಸಲು 1847ರಲ್ಲಿ ರೂರ್ಕಿಯಲ್ಲಿ ತೆರೆದ ಶಾಲೆಯೇ ಅದು. ಆದರೆ ರೂರ್ಕಿಯ ಮುಖ ಸರ್ಕಾರದ ಲೋಕೋಪಯೋಗಿ ಇಲಾಖೆಯ ಕಡೆಗಿತ್ತು. ಇಲಾಖೆಗೆ ಬೇಕಾದಷ್ಟನ್ನು ಕಲಿಸುವುದು, ಕಲಿತವನನ್ನು ಇಲಾಖೆಗೆ ಒಪ್ಪಿಸುವುದು ಅದರ ಧರ್ಮ. ನಮ್ಮ ದೇಶದ ಎಂಜಿನಿಯರಿಂಗ್ ವಿದ್ಯೆ ಸಾಹಿತ್ಯ, ಚರಿತ್ರೆಗಳಿಗೆ ಬೆನ್ನು ಮಾಡಿ ಬೆಳೆದುದಕ್ಕೆ ಈ ಜನ್ಮವೃತ್ತಾಂತ ಒಂದು ಮುಖ್ಯ ಕಾರಣವೆಂದು ನನ್ನ ಎಣಿಕೆ. ಹಾಗಿದ್ದೂ ನಮ್ಮವರೇ ಆದ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿ, ಆ ಮೇಲೆ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದವರು. ಆ ಕ್ರಮವನ್ನು ಯಾರೂ ಒಂದು ಶಿಕ್ಷಣತತ್ತ್ವವೆಂದು ಭಾವಿಸಿ ಏರ್ಪಡಿಸಿರಲಿಲ್ಲ. ಆ ಕಾಲದ ವ್ಯವಸ್ಥೆ ಹಾಗಿತ್ತು. ಆದರೂ ಅವರ ವರದಿಗಳ ಕಟ್ಟುನಿಟ್ಟಾದ ಗದ್ಯವನ್ನು ಓದುವಾಗ ಆ ಬಿ.ಎ. ವ್ಯರ್ಥವಾಗಿ ಹೋಯಿತೆಂದು ಹೇಳಲು ನನಗೆ ಬಾಯಿ ಬಾರದು.

ಮೊದಲು ಉದಾರ ವಿದ್ಯೆ, ಆಮೇಲೆ ವೃತ್ತಿವಿದ್ಯೆ ಎಂಬ ಈ ಕ್ರಮವನ್ನೇ ಬುದ್ಧಿಪೂರ್ವಕವಾಗಿ ಅಂಗೀಕರಿಸಿದವರು ಅಮೆರಿಕದಲ್ಲಿ ಸಿಲ್ವೇನಸ್ ಥೇಯರ್. ಇವರು ನ್ಯೂ ಹ್ಯಾಂಪ್‌ಷೈರಿನ ಡಾರ್ಟ್‌ಮತ್ ಕಾಲೇಜಿನಲ್ಲಿ ಓದಿ, 1807ರಲ್ಲಿ ವೆಸ್ಟ್ ಪಾಯಿಂಟಿಗೆ ಹೋಗಿ ಸೈನಿಕರಾಗಿ, ಫ್ರಾನ್ಸಿಗೆ ಹೋಗಿ ಅಲ್ಲಿಯ ಶಿಕ್ಷಣಕ್ರಮವನ್ನು ಅಭ್ಯಾಸಮಾಡಿ, 1817ರಿಂದ 1833ರವರೆಗೆ ವೆಸ್ಟ್ ಪಾಯಿಂಟಿನ ಮುಖ್ಯಾಧಿಕಾರಿಯಾಗಿ ಅದಕ್ಕೆ ರೂಪು ಕೊಟ್ಟವರು. ಆ ದೇಶದ ತಾಂತ್ರಿಕ ಶಿಕ್ಷಣಕ್ಕೆ ಅವರಷ್ಟು ಮಾಡಿದವರು ವಿರಳ. ಅಂಥವರು ಇಳಿವಯಸ್ಸಿನಲ್ಲಿ ತಮ್ಮ ಹಣದಿಂದ ಎಂಜಿನಿಯರಿಂಗ್ ಶಾಲೆಯೊಂದನ್ನು ಕಟ್ಟಬಯಸಿದಾಗ, ಸೈನಿಕ ವಿದ್ಯಾಲಯವನ್ನೂ ದೊಡ್ಡ ನಗರವನ್ನೂ ಬಿಟ್ಟು, ತಾವು ಲ್ಯಾಟಿನ್ ಕಲಿತ ಹಳ್ಳಿಗಾಡಿನ ಕಾಲೇಜಿಗೇ ಮರಳಿದರು. 1867ರಲ್ಲಿ ಆರಂಭವಾದ ಅವರ ದಾನ ಒಟ್ಟು 70,000 ಡಾಲರಿನವರೆಗೆ ಏರಿತು. 1871ರಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳಿಂದ ಶಾಲೆ ತೆರೆಯಿತು. ವೆಸ್ಟ್ ಪಾಯಿಂಟಿನಿಂದ ಬಂದ ರಾಬರ್ಟ್ ಫ್ಲೆಚರ್ ಎಂಬ ತರುಣ ಅಧ್ಯಾಪಕರು ಮೊದಮೊದಲು ಬಹುಮಟ್ಟಿಗೆ ಒಬ್ಬರೇ ಭಾರವನ್ನು ಹೊತ್ತು, 1918ರವರೆಗೆ ಆ ಶಾಲೆಯ ಮುಖ್ಯಸ್ಥರಾಗಿದ್ದರು. ಸ್ಥಾಪಕರು ಮಾತ್ರ, ಬಾಗಿಲು ತೆರೆದ ಮರುವರ್ಷವೇ ತೀರಿಕೊಂಡರು.

ಅಷ್ಟರಲ್ಲಿ ಗಾಳಿ ಬೇರೆ ದಿಕ್ಕಿಗೆ ತಿರುಗಿತ್ತು. ಕೃಷಿಯನ್ನೂ ಯಾಂತ್ರಿಕ ಕಲೆಗಳನ್ನೂ ಕಲಿಸುವ ಕಾಲೇಜುಗಳಿಗಾಗಿ ಸಂಸ್ಥಾನಗಳಿಗೆ ಭೂಮಿಯನ್ನು ದಾನಮಾಡಿದ 1862ರ ಮೊರಿಲ್ ಶಾಸನವು ಉದಾರ ವಿದ್ಯೆಯನ್ನೂ ಕೈಬಿಡಬಾರದೆಂದೇ ಹೇಳಿತ್ತು. ಆದರೆ ಆ ಶಾಸನದಿಂದ ಬೆಳೆದ ದೊಡ್ಡ ದೊಡ್ಡ ಶಾಲೆಗಳಲ್ಲಿ ಎಂಜಿನಿಯರಿಂಗ್ ತನ್ನದೇ ಕಟ್ಟಡ, ತನ್ನದೇ ಡೀನು, ತನ್ನದೇ ಅಂಗಳವನ್ನು ಪಡೆದು ಪ್ರತ್ಯೇಕ ರಾಜ್ಯವಾಯಿತು. ಸಣ್ಣ ಕಾಲೇಜುಗಳಲ್ಲಿ ಕೆಲವು ಮಾತ್ರ ಹಟ ಬಿಡಲಿಲ್ಲ: ಪೆನ್ಸಿಲ್ವೇನಿಯದ ಲಫಾಯೆಟ್, ಕ್ವೇಕರ್ ಪಂಥದವರು 1864ರಲ್ಲಿ ಕಟ್ಟಿದ ಸ್ವಾರ್ತ್‌ಮೋರ್, ಡಾರ್ಟ್‌ಮತ್, ಯೂನಿಯನ್.

ಯೂನಿಯನ್ನಿಗೆ ಎರಡನೆಯ ಪ್ರಾಯವನ್ನು ತಂದುದು ವಿದ್ಯುತ್ತು. ಎಡಿಸನ್ನನ ಯಂತ್ರಾಗಾರವು 1886ರಲ್ಲಿ ಸ್ಕೆನೆಕ್ಟಡಿಗೆ ಬಂದಿತು, 1892ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪೆನಿಯಾಯಿತು. ಆ ಕಂಪೆನಿಯಲ್ಲಿದ್ದ ಚಾರ್ಲ್ಸ್ ಪ್ರೋಟಿಯಸ್ ಸ್ಟೈನ್‌ಮೆಟ್ಸ್ 1902ರಲ್ಲಿ ಕಾಲೇಜಿನ ವಿದ್ಯುತ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾದರು. ಜರ್ಮನಿಯ ಬ್ರೆಸ್ಲೌ ನಗರದಲ್ಲಿ ಹುಟ್ಟಿ, ಸಮಾಜವಾದದ ಕಾರಣಕ್ಕೆ ದೇಶ ಬಿಟ್ಟು ಓಡಿಬಂದ, ಹುಟ್ಟಿನಿಂದಲೇ ಬೆನ್ನು ಬಾಗಿದ್ದ ಈ ಗಿಡ್ಡ ಮನುಷ್ಯರು, ಕ್ಷಣಕ್ಷಣಕ್ಕೂ ಏರಿಳಿಯುವ ಪರ್ಯಾಯ ವಿದ್ಯುತ್ಪ್ರವಾಹವನ್ನು ಗಣಿತದ ಸಮ್ಮಿಶ್ರ ಸಂಖ್ಯೆಗಳ ನೆರವಿನಿಂದ ಸಾಮಾನ್ಯ ಎಂಜಿನಿಯರನ ಲೆಕ್ಕಕ್ಕೂ ಒಗ್ಗಿಸಿದ ಮಹಾಮತಿಗಳು. ಕಾರ್ಖಾನೆಯ ಬಾಗಿಲಿನಲ್ಲಿಯೇ ಇರುವ ಕಾಲೇಜಿಗೆ ಅವರು ಬಂದಾಗ, ಕಾರ್ಖಾನೆಗೆ ತಕ್ಕ ಜನರನ್ನು ಬೇಗ ಬೇಗ ತಯಾರಿಸುವರೆಂದು ನಿರೀಕ್ಷಿಸಿದವರಿದ್ದರೆ ಅವರಿಗೆ ನಿರಾಶೆಯಾಗಿರಬೇಕು. ಅಮೆರಿಕದ ಕಾಲೇಜುಗಳು ಒಂದಾದ ಮೇಲೊಂದು ಗ್ರೀಕ್ ಭಾಷೆಯನ್ನು ಕೈಬಿಡುತ್ತಿದ್ದ ಆ ದಿನಗಳಲ್ಲಿ, ಎಂಜಿನಿಯರನ ಶಿಕ್ಷಣದಲ್ಲಿ ಗ್ರೀಕ್ ಲ್ಯಾಟಿನ್‌ಗಳಿಗೆ ಸ್ಥಾನವಿರಬೇಕೆಂದು ಸ್ಟೈನ್‌ಮೆಟ್ಸ್ ತಮ್ಮ ಸಹವೃತ್ತಿಯವರ ಮುಂದೆಯೇ ವಾದಿಸಿದರು. ಎಂಬತ್ತು ವರ್ಷಗಳ ಹಿಂದೆ ಯೇಲಿನ ಪಂಡಿತರು ಎಂಜಿನಿಯರನನ್ನು ಹೊರಗಿಡಲು ಬಳಸಿದ ಭಾಷೆಗಳನ್ನೇ ಈಗ ಎಂಜಿನಿಯರರೊಬ್ಬರು ತಮ್ಮವರಿಗಾಗಿ ಕೇಳುತ್ತಿದ್ದರು.

ಈ ಮಾರ್ಗದಲ್ಲಿ ಕಷ್ಟವಿಲ್ಲವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ನಾಲ್ಕು ವರ್ಷಗಳ ಕಾಲ ಎಂಬುದು ಹಿಗ್ಗದ ಪಾತ್ರೆ. ಗಣಿತ, ಭೌತಶಾಸ್ತ್ರ, ಪದಾರ್ಥಗಳ ಬಲಾಬಲ, ಶಾಖ, ವಿದ್ಯುತ್ತು, ವಿನ್ಯಾಸ ಇವೆಲ್ಲವನ್ನೂ ತುಂಬಿದ ಮೇಲೆ ಚರಿತ್ರೆಗೂ ಕಾವ್ಯಕ್ಕೂ ಉಳಿಯುವ ಎಡೆ ಸ್ವಲ್ಪ. ಅವಕ್ಕೆ ಎಡೆ ಬಿಟ್ಟರೆ, ಯಂತ್ರಶಾಲೆಯಲ್ಲಿಯೇ ನಾಲ್ಕು ವರ್ಷ ಕಳೆದವನ ವಿಶೇಷ ನೈಪುಣ್ಯದಲ್ಲಿ ಕೊರತೆ. ಮೂರು ವರ್ಷ ಉದಾರ ವಿದ್ಯೆಯ ಕಾಲೇಜಿನಲ್ಲಿಯೂ ಎರಡು ವರ್ಷ ಎಂಜಿನಿಯರಿಂಗ್ ಶಾಲೆಯಲ್ಲಿಯೂ ಓದಿ ಎರಡು ಪದವಿಗಳನ್ನು ಪಡೆಯುವ ಏರ್ಪಾಟು ಅನೇಕ ಕಡೆ ಬಂದಿದೆ. ಅದಕ್ಕೆ ಒಂದು ವರ್ಷದ ಆಯುಸ್ಸೂ ಹಣವೂ ಅಧಿಕ, ನಾಲ್ಕನೆಯ ವರ್ಷಕ್ಕೆ ಗೆಳೆಯರನ್ನೂ ಗುರುಗಳನ್ನೂ ಬಿಟ್ಟು ಹೊರಡುವ ಸಂಕಟ ಬೇರೆ. ಡಾರ್ಟ್‌ಮತ್ತಿನಲ್ಲಿ ಮೊದಲು ಬಿ.ಎ., ತರುವಾಯ ಎಂಜಿನಿಯರಿಂಗ್ ಪದವಿ. ಕ್ಯಾಲಿಫೋರ್ನಿಯದಲ್ಲಿ 1955ರಲ್ಲಿ ಸ್ಥಾಪಿತವಾದ ಹಾರ್ವಿ ಮಡ್ ಕಾಲೇಜು ಸಿವಿಲ್, ಮೆಕ್ಯಾನಿಕಲ್ ಎಂಬ ಶಾಖೆಗಳನ್ನೇ ಒಪ್ಪದೆ ಸಾಮಾನ್ಯ ಎಂಜಿನಿಯರಿಂಗ್ ಎಂಬ ಒಂದೇ ಪದವಿಯನ್ನು ಕೊಡುತ್ತದೆ. ಬಿ.ಎ. ಓದಿಸುವ ಕಾಲೇಜಿನಲ್ಲಿ ಎಂಜಿನಿಯರಿಂಗ್ ಏನು ಬಂದೀತೆಂದು ನಮ್ಮ ಕಡೆಯ ತಂದೆತಾಯಿಗಳು ಕೇಳುವ ಪ್ರಶ್ನೆಗೆ ನಾನು ಕೊಡುವ ಉತ್ತರ ಇಷ್ಟು: ಅಲ್ಲಿ ಬರುವುದು ಕೆಲವು ವಿಷಯಗಳಲ್ಲಿ ಕಡಮೆಯೇ, ಆದರೆ ಕಾಲುವೆ ಯಾರ ಹೊಲದ ನಡುವೆ ಹಾಯುತ್ತದೆ, ಅಣೆಕಟ್ಟಿನ ನೀರು ಯಾರ ಊರನ್ನು ಮುಳುಗಿಸುತ್ತದೆ ಎಂಬುದನ್ನು ನಕ್ಷೆ ಬಿಡಿಸುವ ಮೇಜಿನ ಮೇಲೆಯೇ ಕೇಳಬಲ್ಲ ಎಂಜಿನಿಯರು ನಮಗೆ ಬೇಕಾಗಿದ್ದಾನೆ, ಅವನು ಆ ಪ್ರಶ್ನೆಯನ್ನು ಎಲ್ಲಿಯಾದರೂ ಕಲಿಯಲೇಬೇಕು.

ನಾನು ಇಷ್ಟು ಹೊಗಳಿದ ಯೂನಿಯನ್ನಿನ ಪಂಕ್ತಿಯಲ್ಲಿಯೂ ಒಂದು ದೊಡ್ಡ ತೆರವಿತ್ತು. ಗ್ರೀಕ್ ಓದುವವನೂ ಸರಪಳಿ ಎಳೆಯುವವನೂ ಸಮಾನರಾಗಿ ಕುಳಿತ ಆ ಸಾಲಿನಲ್ಲಿ ಹೆಂಗಸರಿಗೆ ಎಡೆಯಿರಲಿಲ್ಲ. 1970ರವರೆಗೂ ಆ ಕಾಲೇಜು ಅವರನ್ನು ಸೇರಿಸಿಕೊಳ್ಳಲಿಲ್ಲ. ಮ್ಯಾಸಚೂಸೆಟ್ಸಿನ ನಾರ್ತಾಂಪ್ಟನ್ ಎಂಬ ಊರಿನಲ್ಲಿ, ಗಂಡಸರಿಗೆ ದೊರೆಯುವಂಥದೇ ವಿದ್ಯೆ ಹೆಂಗಸರಿಗೂ ದೊರೆಯಬೇಕೆಂದು ಸೋಫಿಯಾ ಸ್ಮಿತ್ ಎಂಬ ಮಹಿಳೆ ಬಿಟ್ಟುಹೋದ ಆಸ್ತಿಯಿಂದ 1875ರಲ್ಲಿ ತೆರೆದ ಸ್ಮಿತ್ ಕಾಲೇಜು, ಸಾಹಿತ್ಯ, ಸಂಗೀತ, ವಿಜ್ಞಾನಗಳನ್ನೆಲ್ಲ ಕಲಿಸುತ್ತ ಬಂದು, 1999ರಲ್ಲಿ ಎಂಜಿನಿಯರಿಂಗ್ ವಿಭಾಗವನ್ನು ಸ್ಥಾಪಿಸಿತು. ಆ ದೇಶದ ಮಹಿಳಾ ಕಾಲೇಜುಗಳಲ್ಲಿ ಹಾಗೆ ಮಾಡಿದುದು ಅದೇ ಮೊದಲು. 2004ರಲ್ಲಿ ಅಲ್ಲಿಯ ಮೊದಲ ತಂಡದ ಹೆಣ್ಣುಮಕ್ಕಳು, ಕಾವ್ಯ ಓದಿದ ತಮ್ಮ ಗೆಳತಿಯರ ಜೊತೆಯಲ್ಲಿ, ಎಂಜಿನಿಯರರಾಗಿ ಹೊರಬಂದರು.